ಮಳೆಗೆ ಮುಂಚೆ ಒಂದು ಗಟಾರ: ಕಾರವಾರದ ಹುಡುಗ ಹುಡುಗಿಯರಿಗೆ ಬೇಸಿಗೆ ರಜೆಯ ಪರಿಸರ ಕೆಲಸ

ಏಪ್ರಿಲ್ ಎರಡನೇ ವಾರದ ಹೊತ್ತಿಗೆ ಶಾಲೆಗೆ ರಜೆ. ಜೂನ್ ಮೊದಲ ವಾರದ ಹೊತ್ತಿಗೆ ಮಳೆ. ಪರಿಸರಕ್ಕಾಗಿ ಏನಾದರೂ ಮಾಡಬೇಕು ಅನ್ನುವ ಹೈಸ್ಕೂಲು, ಪಿಯುಸಿ ಮಕ್ಕಳಿಗೆ ಕಾರವಾರದಲ್ಲಿ ಸಿಗುವುದು ನಡುವಿನ ಈ ಏಳು ವಾರ ಮಾತ್ರ. ಹೆಚ್ಚಿನ ಗುಂಪುಗಳು ಸೀದಾ ಟ್ಯಾಗೋರ್ ಕಡಲತೀರಕ್ಕೆ ಹೋಗುತ್ತವೆ. ಬ್ಯಾನರ್, ಟೋಪಿ, ಗ್ರೂಪ್ ಫೋಟೊ, ಹತ್ತಾರು ಚೀಲ ಕಸ. ಜೂನ್ ಕೊನೆಗೆ ಹೋಗಿ ನೋಡಿದರೆ ಮರಳಿನ ಮೇಲೆ ಮತ್ತೆ ಅಷ್ಟೇ ಬಾಟಲಿ, ಅಷ್ಟೇ ಚಪ್ಪಲಿ.

ಯಾಕೆ ಅಂದರೆ, ಆ ಕಸದಲ್ಲಿ ದೊಡ್ಡ ಪಾಲು ಊರೊಳಗಿಂದ ಬಂದದ್ದು. ಕಾರವಾರಕ್ಕೆ ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕಡಲು. ವರ್ಷಕ್ಕೆ 3000 ಮಿಲಿಮೀಟರ್ ಆಸುಪಾಸು ಮಳೆ. ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿದು ಗಟಾರ, ನಾಲಾಗಳ ದಾರಿ ಹಿಡಿದು ಕಡಲು ಸೇರುತ್ತದೆ. ಅಕ್ಟೋಬರ್‌ನಿಂದ ಮೇವರೆಗೆ ಒಣ ಗಟಾರದಲ್ಲಿ ಕೂತಿದ್ದೆಲ್ಲ ಮೊದಲ ಎರಡು ಮೂರು ದೊಡ್ಡ ಮಳೆಗೇ ಹೊರಡುತ್ತದೆ. ಹಾಗಾಗಿ ನನ್ನ ಸಲಹೆ ಇಷ್ಟೇ: ಊರಿನ ಗಟಾರ ಮೊದಲು, ಕಡಲತೀರ ಆಮೇಲೆ. ಗಟಾರದ ಕೆಲಸಕ್ಕೆ ಫೋಟೊ ಚೆನ್ನಾಗಿ ಬರುವುದಿಲ್ಲ, ಅದು ನಿಜ. ಆದರೆ ಮೇ ತಿಂಗಳಲ್ಲಿ ಗಟಾರದಿಂದ ಎತ್ತಿದ ಬಾಟಲಿಯನ್ನು ಮುಂದೆ ಕಡಲಲ್ಲಿ ಯಾರೂ ಹುಡುಕಬೇಕಾಗಿಲ್ಲ.

ಗುಂಪು ಕಟ್ಟುವುದು, ಜಾಗ ಆರಿಸುವುದು

ಎಂಟರಿಂದ ಹನ್ನೆರಡು ಜನ ಸಾಕು. ಮೂವತ್ತು ಜನ ಸೇರಿದರೆ ಹತ್ತು ಜನ ಕೆಲಸ ಮಾಡುತ್ತಾರೆ, ಉಳಿದವರು ಸುಮ್ನೆ ನಿಂತಿರುತ್ತಾರೆ. ಜೊತೆಗೆ ಇಬ್ಬರು ದೊಡ್ಡವರು ಇರಲೇಬೇಕು. ಶಿಕ್ಷಕರಾದರೂ ಸರಿ, ಯಾರದಾದರೂ ಚಿಕ್ಕಮ್ಮನೋ ಮಾವನೋ ಆದರೂ ಅಡ್ಡಿಲ್ಲ. ಪ್ರತಿಯೊಬ್ಬರ ಮನೆಯಿಂದ ಒಪ್ಪಿಗೆ ಚೀಟಿ ಬರೆಸಿಕೊಳ್ಳಿ. ಅದರಲ್ಲಿ ಒಂದು ಫೋನ್ ನಂಬರ್, ಅಲರ್ಜಿ ಅಥವಾ ಉಬ್ಬಸ ಇದ್ದರೆ ಆ ವಿಷಯ, ಟೆಟನಸ್ ಇಂಜೆಕ್ಷನ್ ಯಾವಾಗ ಆಗಿದೆ ಅನ್ನುವುದು ಇರಲಿ.

ಜಾಗ ಆರಿಸಲು ಒಂದು ಬೆಳಿಗ್ಗೆ ಪೂರ್ತಿ ಇಡಿ. ನಿಮ್ಮ ಓಣಿಯ ಗಟಾರ ಎಲ್ಲಿಗೆ ಹೋಗುತ್ತದೆ ಎಂದು ನಡೆದುಕೊಂಡೇ ಹುಡುಕಿ. ಎಲ್ಲಿ ಅದು ದೊಡ್ಡ ಗಟಾರ ಸೇರುತ್ತದೆ, ಎಲ್ಲಿ ರಸ್ತೆಯ ಕೆಳಗೆ ಮೋರಿಯೊಳಗೆ ನುಗ್ಗುತ್ತದೆ, ಕೊನೆಗೆ ಯಾವ ನಾಲಾ ಅದನ್ನು ಕಡಲಿಗೋ ಕಾಳಿ ನದಿಗೋ ಮುಟ್ಟಿಸುತ್ತದೆ. ಹಾಳೆಯ ಮೇಲೆ ಕೈಯಿಂದಲೇ ನಕ್ಷೆ ಬರೆಯಿರಿ. ಮೊಬೈಲ್ ನಕ್ಷೆಯಲ್ಲಿ ಗಟಾರ ಕಾಣುವುದಿಲ್ಲ. ಇಪ್ಪತ್ತು ವರ್ಷದಿಂದ ಅಲ್ಲೇ ಅಂಗಡಿ ಇಟ್ಟವರನ್ನು ಕೇಳಿದರೆ ಮಳೆಗಾಲದಲ್ಲಿ ನೀರು ಎಲ್ಲಿ ಉಕ್ಕುತ್ತದೆ ಎಂದು ಬೆರಳಿಟ್ಟು ತೋರಿಸುತ್ತಾರೆ.

ಆ ದಾರಿಯಲ್ಲಿ 100 ಮೀಟರ್ ಉದ್ದದ ಐದು ತುಂಡು ಗುರುತಿಸಿ. ಇಡೀ ರಜೆಗೆ ಅಷ್ಟು ಧಾರಾಳವಾಯಿತು. ನೀರು ಇಂಗಿ ಒಣಗಿರುವ ರಸ್ತೆಬದಿ ಗಟಾರ, ನಾಲಾದ ದಂಡೆ, ಮೋರಿಯ ಬಾಯಿ ಇವಷ್ಟೇ ನಿಮ್ಮ ಕ್ಷೇತ್ರ. ಬೇಸಿಗೆಯಲ್ಲೂ ಕಪ್ಪು ನೀರು ಹರಿಯುತ್ತಿದೆ ಅಂದರೆ ಅದು ಮಳೆನೀರಲ್ಲ, ಶೌಚದ ನೀರು ಸೇರಿರಬಹುದು. ಅದಕ್ಕೆ ಇಳಿಯಬೇಡಿ. ಚೇಂಬರ್, ಮ್ಯಾನ್‌ಹೋಲ್ ಮುಚ್ಚಳ ತೆಗೆಯುವ ಮಾತೇ ಇಲ್ಲ. ರಕ್ಷಣಾ ಸಾಧನ ಇಲ್ಲದೆ ಮಲಗುಂಡಿಗೆ ಜನರನ್ನು ಇಳಿಸುವುದನ್ನು 2013ರ ಕಾನೂನು ಯಾರಿಗೇ ಆದರೂ ನಿಷೇಧಿಸಿದೆ. ನಮ್ಮ ಕರಾವಳಿಯಲ್ಲಿ ಇಲಿ ಜ್ವರ ಇದೆ, ಇಲಿ ಮೂತ್ರ ಬೆರೆತ ನೀರು ಗಾಯಕ್ಕೆ ತಾಗಿದರೆ ಬರುತ್ತದೆ. ಕೈಕಾಲಲ್ಲಿ ಹಸಿ ಗಾಯ ಇದ್ದವರು ಅವತ್ತು ಕಸ ಮುಟ್ಟದೆ, ಸಿಕ್ಕಿದ್ದರ ಲೆಕ್ಕ ಬರೆಯುವ ಎಣಿಕೆಯ ಪುಸ್ತಕ ಹಿಡಿಯಲಿ.

ಇನ್ನೊಂದು ಮಾತು, ಯಾರೂ ಹೇಳದೆ ಬಿಡುವಂಥದ್ದು. ಹತ್ತಿರದಲ್ಲಿ ಶೌಚಾಲಯ ಇರುವ ಜಾಗವನ್ನೇ ಆರಿಸಿ. ಇಲ್ಲದಿದ್ದರೆ ಎರಡನೇ ವಾರದಿಂದ ಹುಡುಗಿಯರು ಒಬ್ಬೊಬ್ಬರಾಗಿ ಬರುವುದನ್ನು ನಿಲ್ಲಿಸುತ್ತಾರೆ. ಕಾರಣ ಕೇಳಿದರೆ ಬಿಸಿಲು ಅನ್ನುತ್ತಾರೆ.

ಅನುಮತಿ

ಊರೊಳಗಿನ ಗಟಾರ, ನಾಲಾ, ಕಸ ಇವೆಲ್ಲ ನಗರಸಭೆಗೆ ಸೇರಿದವು. ಪೌರಾಯುಕ್ತರ ಹೆಸರಿಗೆ ಒಂದು ಪುಟದ ಅರ್ಜಿ ಬರೆಯಿರಿ. ಯಾರು, ಎಲ್ಲಿ, ಯಾವ ದಿನ, ಎಷ್ಟು ಹೊತ್ತು, ಕಸ ಒಯ್ಯಲು ಗಾಡಿ ಯಾವಾಗ ಬರಬೇಕು. ನಿಮ್ಮ ನಕ್ಷೆಯ ನಕಲು ಜೊತೆಗಿಡಿ. ಆಮೇಲೆ ಪರಿಸರ ಎಂಜಿನಿಯರ್ ಅಥವಾ ಆರೋಗ್ಯ ನಿರೀಕ್ಷಕರನ್ನು ಮುಖತಃ ಕಂಡು ಮಾತಾಡಿ. ನಿಜವಾಗಿ ಗಾಡಿ ಕಳಿಸುವವರು ಅವರೇ. ಕುಮಟಾ, ಅಂಕೋಲಾದವರು ಪುರಸಭೆಗೆ ಹೋಗಬೇಕು, ಹಳ್ಳಿಯವರು ಗ್ರಾಮ ಪಂಚಾಯತಿಗೆ.

ಕಾಂಡ್ಲಾ ವನ (ಅಳಿವೆಯ ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಗಿಡಗಳ ಕಾಡು), ಕಡಲಾಮೆ ಗೂಡು ಇರುವ ಕಡೆ ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ವಲಯ ಅರಣ್ಯಾಧಿಕಾರಿಗೆ ಅರ್ಜಿ ಕೊಡಿ. ಅರಗಾದ ಕಡೆ ನೌಕಾನೆಲೆಯ ಬೇಲಿ, ಫಲಕ ಕಂಡಲ್ಲಿಂದ ವಾಪಸು ಬನ್ನಿ. ಅಲ್ಲಿ ಫೋಟೊ ತೆಗೆಯುವುದು, ಡ್ರೋನ್ ಹಾರಿಸುವುದು ಎರಡೂ ತಲೆನೋವು ತರುತ್ತವೆ.

ಪೌರಕಾರ್ಮಿಕರನ್ನು ಮರೆಯಬೇಡಿ. ನಿಮ್ಮ ಗಟಾರವನ್ನು ಇಷ್ಟು ದಿನ ನೋಡಿಕೊಂಡವರು ಅವರು. ಮೊದಲ ದಿನವೇ ಹೋಗಿ ಮಾತಾಡಿಸಿ, ಎಲ್ಲಿ ಗಾಜು ಜಾಸ್ತಿ, ಎಲ್ಲಿ ಹಾವು ಇರುತ್ತದೆ ಕೇಳಿ. ಅವರು ಹೇಳುವ ಹತ್ತು ನಿಮಿಷದ ಮಾತು ಯಾವ ಕೈಪಿಡಿಯಲ್ಲೂ ಸಿಗುವುದಿಲ್ಲ.

ಸಾಮಾನು

ಮೇಸ್ತ್ರಿಗಳು ಹಾಕುವ ದಪ್ಪ ರಬ್ಬರ್ ಗ್ಲೌಸ್. ತೆಳು ಪ್ಲಾಸ್ಟಿಕ್ ಗ್ಲೌಸ್ ಬೇಡ, ಹತ್ತು ನಿಮಿಷಕ್ಕೆ ಹರಿದು ಅದೇ ಕಸವಾಗುತ್ತದೆ. ಉದ್ದ ಹಿಡಿಯ ಇಕ್ಕಳ, ಹಳೆ ಬೂಟು, ಖಾಲಿ ಸಿಮೆಂಟ್ ಚೀಲ ಅಥವಾ ಗೋಣಿಚೀಲ, ಗಾಜು ಹಾಕಲು ಒಂದು ಗಟ್ಟಿ ಬಕೆಟ್, ಬಲೆ ಕತ್ತರಿಸಲು ಕತ್ತರಿ, 20 ಮೀಟರ್ ಹಗ್ಗ, ಪುಸ್ತಕ, ಪೆನ್ಸಿಲ್. ಪೆನ್ ಬೇಡ, ಬೆವರಿಗೆ ಶಾಯಿ ಹರಡುತ್ತದೆ. ಸೋಪು, ಐದು ಲೀಟರ್ ನೀರು, ಪ್ರಥಮ ಚಿಕಿತ್ಸೆ ಡಬ್ಬಿ ದೊಡ್ಡವರ ಹತ್ತಿರ ಇರಲಿ. ಹೊಸದಾಗಿ ಏನನ್ನೂ ಜಾಸ್ತಿ ಕೊಳ್ಳಬೇಡಿ. ಒಂದೇ ಬಣ್ಣದ ಟೀ ಶರ್ಟ್ ಹೊಲಿಸುವ ದುಡ್ಡಿಗೆ ಎರಡು ಜೊತೆ ಒಳ್ಳೆ ಗ್ಲೌಸ್ ಬರುತ್ತದೆ.

ಕೆಲಸದ ಹೊತ್ತು ಬೆಳಿಗ್ಗೆ ಆರೂವರೆಯಿಂದ ಎಂಟೂಮುಕ್ಕಾಲು, ಅಷ್ಟೇ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಉಷ್ಣಾಂಶಕ್ಕಿಂತ ಸೆಕೆ ಜೋರು. ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ಉಪ್ಪು ಹಾಕಿದ ಮಜ್ಜಿಗೆ ಅಥವಾ ಮುರುಗಲ ಹಣ್ಣಿನ ಪಾನಕ ಸ್ಟೀಲ್ ಕ್ಯಾನಿನಲ್ಲಿ ತನ್ನಿ. ತಲೆ ಸುತ್ತುತ್ತಿದೆ, ವಾಕರಿಕೆ ಬರುತ್ತಿದೆ ಎಂದರೆ ನೆರಳಿಗೆ ಕೂರಿಸಿ ಕುತ್ತಿಗೆ, ಕಂಕುಳಿಗೆ ಒದ್ದೆ ಬಟ್ಟೆ ಇಡಿ. ಮಾತು ತೊದಲಿದರೆ ಕಾಯಬೇಡಿ, 112ಕ್ಕೆ ಫೋನ್ ಮಾಡಿ.

ಎತ್ತುವಾಗಲೇ ಎಣಿಸಿ

ಈ ಭಾಗವನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ನನ್ನ ಪ್ರಕಾರ ಇದೇ ಅರ್ಧ ಕೆಲಸ. ಹಗ್ಗವನ್ನು ಐದು ಸಲ ಹಿಡಿದು 100 ಮೀಟರ್ ಅಳೆಯಿರಿ. ಎರಡೂ ತುದಿಗೆ ಕಂಬವೋ ಮರವೋ ಗುರುತು ಇರಲಿ, ಮುಂದಿನ ವಾರ ಅದೇ ಜಾಗಕ್ಕೆ ಬರಬೇಕಲ್ಲ. ಇಬ್ಬರು ಹೆಕ್ಕುತ್ತಾ ಕೂಗಲಿ, ಒಬ್ಬರು ಬರೆಯಲಿ. ಐದೈದು ಗೀಟು ಎಳೆದು ಲೆಕ್ಕ ಇಡುವ ಹಳೆ ಪದ್ಧತಿಯೇ ಸಾಕು.

ಸಾಲುಗಳು ಹೀಗಿರಲಿ: ಗುಟ್ಕಾ ಮತ್ತು ಪಾನ್ ಮಸಾಲಾ ಚೀಟಿ, ಚಿಪ್ಸ್ ಬಿಸ್ಕತ್ ಪೊಟ್ಟಣ, ನೀರಿನ ಮತ್ತು ಜ್ಯೂಸ್ ಬಾಟಲಿ, ಮುಚ್ಚಳ, ಕ್ಯಾರಿಬ್ಯಾಗ್, ಹಾಲಿನ ತೊಟ್ಟೆ, ಥರ್ಮಾಕೋಲ್, ಪ್ಲಾಸ್ಟಿಕ್ ಲೋಟ ಚಮಚ, ಮದ್ಯದ ಬಾಟಲಿ ಮತ್ತು ಟೆಟ್ರಾ ಪ್ಯಾಕ್, ಬಲೆ ಹಗ್ಗದ ತುಂಡು, ಚಪ್ಪಲಿ, ಬಟ್ಟೆ, ಇತರೆ. ಮೊದಲ ದಿನ ನೋಡಿ ನಿಮ್ಮ ಜಾಗಕ್ಕೆ ತಕ್ಕ ಹಾಗೆ ಒಂದೆರಡು ಸಾಲು ಬದಲಿಸಿ, ಆಮೇಲೆ ರಜೆ ಮುಗಿಯುವ ತನಕ ಬದಲಿಸಬೇಡಿ.

ತೂಕ ನೋಡುವುದಕ್ಕಿಂತ ಎಣಿಕೆ ಮೇಲು. ಮಣ್ಣು, ನೀರು ಸೇರಿ ತೂಕ ಮೋಸ ಮಾಡುತ್ತದೆ. ನೂರು ಗುಟ್ಕಾ ಚೀಟಿ ಸೇರಿದರೂ ಒಂದು ಬ್ರಾಂಡಿ ಬಾಟಲಿಯಷ್ಟು ತೂಗುವುದಿಲ್ಲ. ಆದರೆ ಮೋರಿಯ ಜಾಲರಿಗೆ ಅಂಟಿ ನೀರು ನಿಲ್ಲಿಸುವುದು ಆ ಚೀಟಿಗಳೇ.

ವಾರಕ್ಕೊಮ್ಮೆ ಅದೇ ತುಂಡಿಗೆ ಹೋಗಿ ಹೊಸದಾಗಿ ಬಿದ್ದದ್ದನ್ನು ಎಣಿಸಿ. ಮೊದಲ ವಾರದ್ದು ಹಳೆ ಬಾಕಿ. ಎರಡನೇ ವಾರದ ಲೆಕ್ಕ ಮಾತ್ರ ನಿಮಗೆ ವಾರಕ್ಕೆಷ್ಟು ಬೀಳುತ್ತದೆ ಎಂದು ಹೇಳುತ್ತದೆ. ಮೂರನೇ ವಾರದ ಹೊತ್ತಿಗೆ ಯಾವ ತಿರುವಿನಲ್ಲಿ ಏನು ಬೀಳುತ್ತದೆ ಎಂದು ಕಣ್ಣಿಗೇ ಕಾಣತೊಡಗುತ್ತದೆ. ಬಸ್ ನಿಲ್ಲುವ ಕಡೆ ಚೀಟಿ, ಐಸ್‌ಕ್ರೀಮ್ ಅಂಗಡಿ ದಾಟಿ ಐವತ್ತು ಹೆಜ್ಜೆಗೆ ಲೋಟ, ಬೀದಿದೀಪ ಕೆಟ್ಟ ಜಾಗದಲ್ಲಿ ಬಾಟಲಿ.

ಆಗ ಅಂಗಡಿಯವರ ಹತ್ತಿರ ಹೋಗಿ. ಬುದ್ಧಿ ಹೇಳಲು ಹೋಗಬೇಡಿ, ಲೆಕ್ಕ ತೋರಿಸಿ. "ಮಾಮಾ, ನಿಮ್ಮ ಅಂಗಡಿ ಮುಂದೆ ಒಂದು ವಾರಕ್ಕೆ ಇಷ್ಟು ಲೋಟ ಸಿಕ್ತು. ಇಲ್ಲೊಂದು ಡಬ್ಬ ಇಟ್ಟರೆ ಅಡ್ಡಿಲ್ಲ ಅಲ್ವಾ?" ಅಂತ ಕೇಳಿ. ಹದಿನೈದರ ಹುಡುಗಿ ಪುಸ್ತಕ ಹಿಡಿದು ಹೀಗೆ ಕೇಳಿದರೆ ಹೆಚ್ಚಿನವರು ಇಲ್ಲ ಅನ್ನುವುದಿಲ್ಲ. ಡಬ್ಬ ಖಾಲಿ ಮಾಡುವುದು ಯಾರು ಎಂದು ಅಲ್ಲೇ ಮಾತಾಡಿಕೊಳ್ಳಿ. ತುಂಬಿ ಚೆಲ್ಲುವ ಡಬ್ಬಕ್ಕಿಂತ ಡಬ್ಬ ಇಲ್ಲದಿರುವುದೇ ವಾಸಿ. ಪ್ಲಾಸ್ಟಿಕ್ ಚಮಚ, ತಟ್ಟೆ, ಲೋಟ, ಸ್ಟ್ರಾ, ಥರ್ಮಾಕೋಲ್ ಅಲಂಕಾರ ಇವೆಲ್ಲ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧದಲ್ಲಿವೆ. ಇದನ್ನು ನೆನಪಿಸಬಹುದು, ಹೆದರಿಸಲು ಬಳಸಬೇಡಿ. ದಂಡ ಹಾಕುವುದು ನಗರಸಭೆಯ ಕೆಲಸ.

ಹೆಕ್ಕುವುದು ಮತ್ತು ಬಲೆ ಕಟ್ಟುವುದು

ನೀರು ಹರಿಯುವ ದಿಕ್ಕಿಗೆ ಎದುರಾಗಿ, ಅಂದರೆ ಕೆಳಗಿನಿಂದ ಮೇಲಕ್ಕೆ ಕೆಲಸ ಮಾಡುತ್ತಾ ಹೋಗಿ. ಮೋರಿಯ ಬಾಯಿ ಮೊದಲು ತೆರವಾಗಲಿ. ನಡುವೆ ಮಳೆ ಬಂದು ಕೆಲಸ ನಿಂತರೂ ಅಷ್ಟು ಉಪಯೋಗ ಆಗಿರುತ್ತದೆ. ಎಲೆ, ಕಡ್ಡಿಯನ್ನು ಕೋಲಿನಿಂದ ಸರಿಸಿ ನೋಡಿದ ಮೇಲೆ ಇಕ್ಕಳ ಹಾಕಿ. ಕಲ್ಲಿನ ಸಂದಿಗೆ ಕೈ ಹಾಕಬೇಡಿ. ಸಿರಿಂಜು, ಪ್ಯಾಡು, ಡೈಪರ್, ಸತ್ತ ಪ್ರಾಣಿ ಕಂಡರೆ ಮುಟ್ಟಬೇಡಿ. ಪಕ್ಕದಲ್ಲಿ ಕೆಂಪು ಬಟ್ಟೆ ಕಟ್ಟಿದ ಕೋಲು ನೆಟ್ಟು ಪೌರಕಾರ್ಮಿಕರಿಗೆ ತಿಳಿಸಿ. ಹೂಳು ಎತ್ತುವುದು ನಿಮ್ಮ ಕೆಲಸ ಅಲ್ಲ, ಅದಕ್ಕೆ ನಗರಸಭೆಯ ಯಂತ್ರ ಇದೆ. ನೀವು ಪ್ಲಾಸ್ಟಿಕ್ ತೆಗೆದುಕೊಟ್ಟರೆ ಯಂತ್ರದವರಿಗೂ ಸಲೀಸು.

ಸ್ವಲ್ಪ ಧೈರ್ಯ ಇರುವ ಗುಂಪು ನಾಲಾಕ್ಕೆ ಬಲೆ ಕಟ್ಟಬಹುದು. ನಗರಸಭೆಯ ಒಪ್ಪಿಗೆ ಸಿಕ್ಕರೆ ಮಾತ್ರ. ಬೈತಖೋಲದ ಮೀನುಗಾರರ ಹತ್ತಿರ ಕೇಳಿದರೆ ಹಳೆ ಬಲೆ ಸಿಗುತ್ತದೆ. ಎರಡೂ ದಂಡೆಯಲ್ಲಿ ಬಿದಿರಿನ ಗೂಟ ಹೂಡಿ ನಡುವೆ ಬಲೆ ಕಟ್ಟಬೇಕು. ತಳದಿಂದ ಒಂದು ಗೇಣು ಬಿಡಿ, ಮೀನು ಏಡಿ ಓಡಾಡಲಿ. ಬಾಟಲಿ, ಥರ್ಮಾಕೋಲ್ ಹೇಗೂ ಮೇಲೆಯೇ ತೇಲುತ್ತವೆ. ದಿನಾ ಒಮ್ಮೆ ದಂಡೆಯಲ್ಲೇ ನಿಂತು ಇಕ್ಕಳದಲ್ಲಿ ಕಸ ತೆಗೆಯಬೇಕು. ಆಗುವುದಿಲ್ಲ ಅನ್ನುವುದಾದರೆ ಕಟ್ಟಲೇಬೇಡಿ. ಮೇ 15ರೊಳಗೆ ಗೂಟ ಸಮೇತ ಕಿತ್ತುಬಿಡಿ, ಅದಕ್ಕೆ ಮೊದಲೇ ಗುಡುಗು ಶುರುವಾದರೆ ಅವತ್ತೇ. ಮಳೆಯಲ್ಲಿ ಬಲೆ ಉಳಿದರೆ ನೀರು ಹಿಂದೆ ಸರಿದು ಯಾರದೋ ಮನೆಗೆ ನುಗ್ಗುತ್ತದೆ.

ಹೆಕ್ಕಿದ್ದು ಎಲ್ಲಿಗೆ?

ಚೀಲ ತುಂಬಿಸಿ ರಸ್ತೆ ಬದಿಗಿಟ್ಟು ಮನೆಗೆ ಹೋದರೆ ರಾತ್ರಿ ನಾಯಿ, ದನ ಸೇರಿ ಹರಡುತ್ತವೆ. ಅವತ್ತೇ ವಿಂಗಡಿಸಿ. ಬಾಟಲಿ, ಹಾಲಿನ ತೊಟ್ಟೆ, ಕಬ್ಬಿಣ, ರಟ್ಟು, ಗಾಜು ಇವುಗಳಲ್ಲಿ ಗುಜರಿಯವರು ತೆಗೆದುಕೊಳ್ಳುವುದು ಯಾವುದು ಎಂದು ಮೊದಲೇ ಕೇಳಿಡಿ. ತೊಳೆದು ಒಣಗಿಸಿದ್ದಕ್ಕೆ ಬೆಲೆ ಸ್ವಲ್ಪ ಜಾಸ್ತಿ. ಬಂದ ದುಡ್ಡಲ್ಲಿ ಸೋಪು, ಗ್ಲೌಸ್ ಆಗುತ್ತದೆ.

ಕಷ್ಟ ಇರುವುದು ಚಿಪ್ಸ್ ಪೊಟ್ಟಣ, ಗುಟ್ಕಾ ಚೀಟಿಯದ್ದು. ಪ್ಲಾಸ್ಟಿಕ್ಕಿನ ಪದರದ ಜೊತೆ ಲೋಹದ ತೆಳು ಪದರ ಅಂಟಿರುವ ವಸ್ತು ಅದು. ಬಿಡಿಸಲು ಆಗುವುದಿಲ್ಲ, ಹಾಗಾಗಿ ಗುಜರಿಗೆ ಬೇಡ. ದೊಡ್ಡ ಪ್ರಮಾಣದಲ್ಲಿ ಸೇರಿದರೆ ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಉರುವಲಾಗಿ ಕಳಿಸುತ್ತಾರೆ. ನೀವು ಬೇರೆ ಚೀಲ ಮಾಡಿ ನಗರಸಭೆಯ ಒಣಕಸದ ಗಾಡಿಗೆ ಕೊಡಿ. ಯಾರಾದರೂ "ಇಲ್ಲೇ ಬೆಂಕಿ ಹಾಕಿ ಬಿಡಿ" ಅಂದರೆ ಒಪ್ಪಬೇಡಿ. ಪ್ಲಾಸ್ಟಿಕ್ ಹೊಗೆ ಮೊದಲು ಹೋಗುವುದು ಪಕ್ಕದಲ್ಲಿ ನಿಂತ ನಿಮ್ಮ ಎದೆಗೇ.

ಕಡಲತೀರಕ್ಕೆ ಹೋಗುವಾಗ

ಗಟಾರದ ಕೆಲಸ ಒಂದು ಹದಕ್ಕೆ ಬಂದ ಮೇಲೆ, ಅಂದರೆ ಮೇ ಮೊದಲ ವಾರದ ನಂತರ, ತೀರಕ್ಕೆ ಹೋಗಿ. ನಿಮ್ಮ ನಾಲಾ ಕಡಲು ಸೇರುವ ಬಾಯಿಯ ಎರಡೂ ಬದಿ 100 ಮೀಟರ್ ಸಾಕು. ಇಳಿತದ ಹೊತ್ತು ನೋಡಿಕೊಂಡು ಹೋಗಬೇಕು. ಭರತ ಇಳಿತ ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತಾ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಕಳೆದ ಎರಡು ಮೂರು ದಿನ ಬೆಳಗಿನ ಇಳಿತ ಬೆಳಕು ಹರಿದ ಮೇಲೆ ಸಿಗುತ್ತದೆ, ನೀರೂ ದೂರ ಸರಿದಿರುತ್ತದೆ. ಖಚಿತ ಹೊತ್ತಿಗೆ ಮೀನುಗಾರರನ್ನೇ ಕೇಳಿ.

ತೀರದಲ್ಲಿ ಏನು ಎತ್ತಬಾರದು ಎನ್ನುವುದು ಮುಖ್ಯ. ಮರಳ ಮೇಲೆ ಹರಡಿದ, ನೇರಳೆ ಹೂವಿನ ಬಂಗಡೆ ಬಳ್ಳಿಯನ್ನು ಕಳೆ ಎಂದು ಕೀಳುವವರಿದ್ದಾರೆ. ಮರಳು ಹಾರದಂತೆ ಹಿಡಿದಿರುವುದೇ ಅದು. ಪಾಚಿ, ಚಿಪ್ಪು, ಒಣ ಕಟ್ಟಿಗೆ ಅಲ್ಲೇ ಇರಲಿ, ಅದರಡಿ ಏಡಿ, ಹುಳ ಬದುಕುತ್ತವೆ. ಅಂಬಲಿ ಮೀನು (ಜೆಲ್ಲಿಫಿಶ್) ಸತ್ತಿದ್ದರೂ ಮುಟ್ಟಬೇಡಿ, ಕುಟುಕುತ್ತದೆ. ಮೀನುಗಾರರು ರಂಪಣಿ (ದಡದಿಂದ ಎಳೆಯುವ ದೊಡ್ಡ ಬಲೆ) ಎಳೆಯುತ್ತಿದ್ದರೆ ಬಲೆ ದಡ ಸೇರುವ ತನಕ ದೂರ ನಿಂತಿರಿ. ಅದು ಅವರ ದಿನದ ಗಳಿಕೆ.

ಮಾಜಾಳಿ, ದೇವಬಾಗದ ಕಡೆ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆ ಇಡುವುದುಂಟು. ಮೊಟ್ಟೆ ಒಡೆಯಲು 45ರಿಂದ 60 ದಿನ ಬೇಕು. ಹಾಗಾಗಿ ಚಳಿಗಾಲದ ಕೊನೆಗೆ ಇಟ್ಟ ಮೊಟ್ಟೆಯಿಂದ ಏಪ್ರಿಲ್‌ನಲ್ಲೂ ಮರಿಗಳು ಹೊರಡಬಹುದು. ಬಲೆ ಬೇಲಿ ಹಾಕಿದ ಗೂಡು ಕಂಡರೆ ಹತ್ತಿರ ಹೋಗಬೇಡಿ, ಟಾರ್ಚು ಬಿಡಬೇಡಿ, ಮರಿಯನ್ನು ಎತ್ತಿ ನೀರಿಗೆ ಬಿಡುವ ಉಪಕಾರವೂ ಬೇಡ. 1972ರ ವನ್ಯಜೀವಿ ಕಾನೂನಿನ ಪ್ರಕಾರ ಮುಟ್ಟುವಂತಿಲ್ಲ. ಅರಣ್ಯ ಸಹಾಯವಾಣಿ 1926ಕ್ಕೆ ತಿಳಿಸಿದರೆ ಸಾಕು.

ಮೊಣಕಾಲಿಗಿಂತ ಆಳದ ನೀರಿಗೆ ಯಾರೂ ಇಳಿಯಬಾರದು, ಈಜು ಬಂದರೂ ಸರಿ. ಮೇ ಕೊನೆಗೆ ಕಡಲು ಬದಲಾಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಮೇ ಕೊನೇ ವಾರ ದೋಣಿಗಳು ದಡಕ್ಕೆ ಬರುತ್ತವೆ, ಬಲೆ ರಿಪೇರಿ ಶುರುವಾಗುತ್ತದೆ. ಬೈತಖೋಲದಲ್ಲಿ ನಾಲ್ಕೈದು ಗೋಣಿಚೀಲ ಇಟ್ಟು, ಕತ್ತರಿಸಿದ ಬಲೆಯ ತುಂಡನ್ನು ಇದರಲ್ಲಿ ಹಾಕಿ ಎಂದು ಕೇಳಿಕೊಳ್ಳಿ. ಕಡಲಿಗೆ ಬಿದ್ದ ಮೇಲೆ ಆ ತುಂಡನ್ನು ಹಿಡಿಯಲಾಗುವುದಿಲ್ಲ.

ಕಾಂಡ್ಲಾ ವನದಲ್ಲಿ

ಕಾಳಿ ನದಿಯ ಅಳಿವೆಯಲ್ಲಿ ಕಾಂಡ್ಲಾ ಗಿಡಗಳಿವೆ. ಕೆಲವು ಜಾತಿಯವು ಕೆಸರಿನಿಂದ ಪೆನ್ಸಿಲ್‌ನಷ್ಟು ಗಾತ್ರದ ಉಸಿರು ಬೇರುಗಳನ್ನು ಮೇಲಕ್ಕೆ ಕಳಿಸುತ್ತವೆ. ಕ್ಯಾರಿಬ್ಯಾಗ್, ಬಲೆ ಅದರ ಮೇಲೆ ಸುತ್ತಿಕೊಂಡರೆ ಬೇರು ಉಸಿರು ಕಟ್ಟಿ ಸಾಯುತ್ತದೆ. ಅದನ್ನು ಬಿಡಿಸುವುದು ಬೇಸಿಗೆಯಲ್ಲಿ ಮಾಡಬಹುದಾದ ಒಳ್ಳೆ ಕೆಲಸ. ಅರಣ್ಯ ಇಲಾಖೆಯವರು ಜೊತೆಗಿರಬೇಕು. ಎಳೆಯಬೇಡಿ, ಕತ್ತರಿಯಿಂದ ಕತ್ತರಿಸಿ ತೆಗೆಯಿರಿ. ಬೇರಿನ ಮೇಲೆ ಕಾಲಿಡಬೇಡಿ. ಕೆಸರಿಗೆ ನಾಲ್ಕೇ ಜನ ಇಳಿಯಲಿ, ಉಳಿದವರು ದಂಡೆಯಲ್ಲಿ. ಚಿಪ್ಪಿಕಲ್ಲು ಹೆಕ್ಕುವ ಹೆಂಗಸರು ಎಲ್ಲಿ ಕೆಸರು ಆಳ ಎಂದು ಹೇಳುತ್ತಾರೆ, ಅವರ ಮಾತು ಕೇಳಿ. ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಇದೆ. ಅಲ್ಲಿನ ವಿದ್ಯಾರ್ಥಿಯೊಬ್ಬರು ಬಂದು ಗಿಡಗಳ ಗುರುತು ಹೇಳಿಕೊಟ್ಟರೆ ನಿಮ್ಮ ಪುಸ್ತಕಕ್ಕೆ ಒಂದು ಹೊಸ ಪುಟ.

ಕಾಂಡ್ಲಾ ನೆಡುವ ಆತುರ ಬೇಡ. ಯಾವ ಜಾತಿ, ಎಷ್ಟು ಉಪ್ಪು, ಭರತ ಎಲ್ಲಿಯವರೆಗೆ ಏರುತ್ತದೆ ಎಂದು ನೋಡದೆ ಖಾಲಿ ಕಂಡ ಕೆಸರಲ್ಲೆಲ್ಲ ಚುಚ್ಚಿದರೆ ಒಂದೂ ಉಳಿಯುವುದಿಲ್ಲ.

ಬಿಸಿಲಿಗೆ ಹೋಗಲಾಗದವರಿಗೆ

ಬಾವಿ ಅಳೆಯಿರಿ. ಓಣಿಯ ಹತ್ತು ಬಾವಿ ಆರಿಸಿ, ಪ್ರತಿ ಭಾನುವಾರ ಬೆಳಿಗ್ಗೆ ಪಂಪು ಹಾಕುವ ಮೊದಲು ಗಂಟು ಹಾಕಿದ ಹಗ್ಗಕ್ಕೆ ಕಲ್ಲು ಕಟ್ಟಿ ಕಟ್ಟೆಯಿಂದ ನೀರಿನ ಮಟ್ಟಕ್ಕೆ ಎಷ್ಟು ಎಂದು ಬರೆಯಿರಿ. ಚಿಕ್ಕ ಟಿಡಿಎಸ್ ಮೀಟರ್ ಇದ್ದರೆ ನೀರಿನಲ್ಲಿ ಕರಗಿದ ಲವಣ ಎಷ್ಟೆಂದೂ ತಿಳಿಯುತ್ತದೆ. ಕುಡಿಯುವ ನೀರಿಗೆ ಲೀಟರಿಗೆ 500 ಮಿಲಿಗ್ರಾಂ ಒಳಗೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 2000ದವರೆಗೆ ಎಂದು ಭಾರತೀಯ ಮಾನಕ ಹೇಳುತ್ತದೆ. ಕಡಲಿಗೆ ಹತ್ತಿರದ ಬಾವಿಗಳಲ್ಲಿ ಮೇ ತಿಂಗಳಲ್ಲಿ ಈ ಅಂಕಿ ಏರುತ್ತಾ ಹೋದರೆ ಉಪ್ಪುನೀರು ಒಳಗೆ ಸರಿಯುತ್ತಿರಬಹುದು. ಈ ಮೀಟರ್ ರೋಗಾಣು ತೋರಿಸುವುದಿಲ್ಲ. ಅಂಕಿ ಕಡಿಮೆ ಇದ್ದರೂ ನೀರು ಕಾಯಿಸಿಯೇ ಕುಡಿಯಬೇಕು. ದೊಡ್ಡವರು ಪಕ್ಕದಲ್ಲಿರಲಿ, ಬಾವಿಗೆ ಬಗ್ಗಬೇಡಿ.

ಶಿರಸಿ ಕಡೆಯವರಿಗೆ ಬೀಜ ಸಂಗ್ರಹ ಸುಲಭ. ಮುರುಗಲು, ಹಲಸು, ನೇರಳೆ ಬೀಜ ಒಣಗಿಸಿ ಇಡಬೇಡಿ, ಮೊಳೆಯುವ ಶಕ್ತಿ ಬೇಗ ಹೋಗುತ್ತದೆ. ಹಣ್ಣು ತಿಂದ ಕೂಡಲೇ ತೊಳೆದು ತೊಟ್ಟೆಯ ಮಣ್ಣಿಗೆ ಹಾಕಿ. ಬೀಜದುಂಡೆ ಎಸೆಯುವುದಕ್ಕಿಂತ ಇಪ್ಪತ್ತು ಸಸಿ ಬೆಳೆಸಿ ಮುಂದಿನ ಜೂನ್‌ನಲ್ಲಿ ನೆಡುವುದು ಮೇಲು.

ಮೇ ಕೊನೇ ವಾರ

ಎಲ್ಲ ಲೆಕ್ಕವನ್ನು ಎರಡು ಪುಟಕ್ಕೆ ಇಳಿಸಿ. ಮೊದಲ ಪುಟದಲ್ಲಿ ನಕ್ಷೆ, ಐದು ತುಂಡುಗಳ ವಾರದ ಎಣಿಕೆ. ಎರಡನೆಯದರಲ್ಲಿ ನಿಮ್ಮ ಕೋರಿಕೆ, ಮೂರಕ್ಕಿಂತ ಜಾಸ್ತಿ ಬೇಡ. ಯಾವ ಮೋರಿಗೆ ಜಾಲರಿ ಬೇಕು, ಎಲ್ಲಿ ಬೀದಿದೀಪ ಸರಿಯಾಗಬೇಕು, ಯಾವ ತಿರುವಿಗೆ ಗಾಡಿ ವಾರಕ್ಕೆ ಎಷ್ಟು ಸಲ ಬರಬೇಕು. "ಜಾಗೃತಿ ಮೂಡಿಸಬೇಕು" ಎಂಬಂಥ ವಾಕ್ಯ ಹಾಕಬೇಡಿ, ಅದರ ಮೇಲೆ ಯಾರೂ ಏನೂ ಮಾಡಲಾಗುವುದಿಲ್ಲ. ನಗರಸಭೆಗೆ ಒಂದು ಪ್ರತಿ, ನಿಮ್ಮ ವಾರ್ಡಿನ ಸದಸ್ಯರಿಗೆ ಒಂದು. ಒಂದು ಪ್ರತಿಯ ಮೇಲೆ ಸ್ವೀಕೃತಿಯ ಸೀಲು, ತಾರೀಕು ಹಾಕಿಸಿಕೊಂಡೇ ಹೊರಗೆ ಬನ್ನಿ. ಅದನ್ನು ಎಣಿಕೆಯ ಪುಸ್ತಕಕ್ಕೆ ಅಂಟಿಸಿ, ಈಗ ಎಂಟನೇ ತರಗತಿಯಲ್ಲಿರುವ ಯಾರ ಕೈಗಾದರೂ ಕೊಡಿ. ಮುಂದಿನ ಏಪ್ರಿಲ್‌ನಲ್ಲಿ ಅದೇ ಐದು ತುಂಡಿನಿಂದ ಅವರು ಶುರುಮಾಡಬಹುದು.